ನಮ್ಮ ಪದ್ಧತಿಗೆ ಕೋರ್ಟಿನಲ್ಲಿ ಬೆಲೆ ಇದೆಯೇ? ಮದುವೆ, ಬಿಡುಗಡೆ, ಆಸ್ತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ತಲೆಮಾರುಗಳಿಂದ ನಡೆದುಬಂದ ಮಾತು. ಘಟ್ಟ ಇಳಿದರೆ, ಬಂಟರ ಮನೆಯಲ್ಲಿ ಅದೇ ಮಾತು ಎತ್ತಲೂ ಆಗದು. ಅಲ್ಲಿ ಸೋದರಮಾವ ಮತ್ತು ಅಕ್ಕನ ಮಗಳದು ಒಂದೇ ಬಳಿ (ತಾಯಿಯ ಕಡೆಯ ವಂಶ), ಒಂದೇ ಕುಟುಂಬ. ಎರಡೂ ಕಡೆಯವರಿಗೆ ಅನ್ವಯಿಸುವುದು ಮಾತ್ರ 1955ರ ಹಿಂದೂ ವಿವಾಹ ಕಾಯ್ದೆಯೇ. ಒಂದೇ ಕಾಯ್ದೆ ಎರಡು ಮನೆಗಳಲ್ಲಿ ಎರಡು ಉತ್ತರ ಕೊಡುವುದು ಹೇಗೆ, ಆ ಉತ್ತರವನ್ನು ಪಡೆಯಲು ನೀವು ಏನೇನು ಇಟ್ಟುಕೊಂಡಿರಬೇಕು ಎಂಬುದು ಈ ಪ್ರಶ್ನೆಗಳ ವಿಷಯ.

ಸಂವಿಧಾನ ಒಂದೇ ಆಗಿರುವಾಗ ಪಾಲಿನ ಲೆಕ್ಕ ಜಾತಿಗೊಂದು, ಧರ್ಮಕ್ಕೊಂದು ಯಾಕೆ?

ಕಳ್ಳತನ, ಕೊಲೆ, ಕರಾರು, ನೋಂದಣಿ ಇವಕ್ಕೆಲ್ಲ ದೇಶದಲ್ಲಿ ಎಲ್ಲರಿಗೂ ಒಂದೇ ಕಾನೂನು. ಬೇರೆ ಬೇರೆ ಇರುವುದು ಮದುವೆ, ವಿಚ್ಛೇದನ, ದತ್ತು, ಉತ್ತರಾಧಿಕಾರದಂಥ ಮನೆಯೊಳಗಿನ ವಿಷಯಗಳಿಗೆ. ಹಿಂದೂ, ಜೈನ, ಬೌದ್ಧ, ಸಿಖ್ಖರ ಆಸ್ತಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಮುಸ್ಲಿಮರಿಗೆ ಷರೀಯತ್ ಅನ್ವಯಿಸುತ್ತದೆ. ಏಕರೂಪ ನಾಗರಿಕ ಸಂಹಿತೆಯ ಮಾತು ಸಂವಿಧಾನದ 44ನೇ ವಿಧಿಯಲ್ಲಿದೆ, ಆದರೆ ಅದು ನಿರ್ದೇಶಕ ತತ್ವ, ಅಂದರೆ ಕೋರ್ಟಿನ ಮೂಲಕ ಜಾರಿ ಮಾಡಿಸಲಾಗದ ಮಾರ್ಗಸೂಚಿ. ಉತ್ತರಾಖಂಡ 2025ರ ಜನವರಿ 27ರಿಂದ ತನ್ನದೇ ಸಂಹಿತೆ ಜಾರಿ ಮಾಡಿದೆ, ಅಲ್ಲಿಯೂ ಪರಿಶಿಷ್ಟ ಪಂಗಡಗಳನ್ನು ಹೊರಗಿಟ್ಟಿದ್ದಾರೆ.

ವ್ಯತ್ಯಾಸ ಎಷ್ಟು ಎಂಬುದನ್ನು ಒಂದು ಲೆಕ್ಕದಿಂದ ನೋಡಿ. ಒಬ್ಬರು ಉಯಿಲು ಬರೆಯದೆ ತೀರಿಕೊಂಡರು. ಸ್ವಯಾರ್ಜಿತ ಆಸ್ತಿ 36 ಲಕ್ಷ ರೂಪಾಯಿ. ಇರುವವರು ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ತಂದೆತಾಯಿ ಇಲ್ಲ. ಹಿಂದೂ ಆಗಿದ್ದರೆ ನಾಲ್ವರಿಗೂ ತಲಾ 9 ಲಕ್ಷ. ಕ್ರೈಸ್ತರಾಗಿದ್ದರೆ ಹೆಂಡತಿಗೆ ಮೂರನೇ ಒಂದು ಭಾಗ, ಅಂದರೆ 12 ಲಕ್ಷ, ಮೂವರು ಮಕ್ಕಳಿಗೆ ತಲಾ 8 ಲಕ್ಷ. ಸುನ್ನಿ ಮುಸ್ಲಿಮರಾಗಿದ್ದರೆ ಹೆಂಡತಿಗೆ ಎಂಟನೇ ಒಂದು ಭಾಗ, 4.5 ಲಕ್ಷ, ಉಳಿದದ್ದರಲ್ಲಿ ಗಂಡುಮಕ್ಕಳಿಗೆ ತಲಾ 12.6 ಲಕ್ಷ, ಮಗಳಿಗೆ 6.3 ಲಕ್ಷ. ಪರಿಶಿಷ್ಟ ಪಂಗಡದ ಸೋಲಿಗರೋ ಜೇನು ಕುರುಬರೋ ಆಗಿದ್ದರೆ ಈ ಮೂರೂ ಲೆಕ್ಕ ನಡೆಯುವುದಿಲ್ಲ, ಅವರ ಪದ್ಧತಿಯೇ ಲೆಕ್ಕ.

"ನಮ್ಮಲ್ಲಿ ಹೀಗೇ ನಡೆದುಬಂದಿದೆ" ಎಂದರೆ ಕೋರ್ಟು ಒಪ್ಪುತ್ತದೆಯೇ?

ಬಾಯಿಮಾತಿಗೆ ಒಪ್ಪುವುದಿಲ್ಲ. ರುಜುವಾತಾದರೆ ಮಾತ್ರ ಒಪ್ಪುತ್ತದೆ. ಹಿಂದೂ ಕಾನೂನಿನಲ್ಲಿ ರುಜುವಾತಾದ ರೂಢಿಯ ತೂಕ ಶಾಸ್ತ್ರಗ್ರಂಥದ ಮಾತಿಗಿಂತ ಹೆಚ್ಚು ಎಂದು 1868ರಲ್ಲೇ, ಮದುರೆಯ ಒಂದು ಮೊಕದ್ದಮೆಯಲ್ಲಿ ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿತ್ತು. ಇಂದು ಕಾಯ್ದೆ ಎಲ್ಲಿ ಬಾಗಿಲು ತೆರೆದಿಟ್ಟಿದೆಯೋ ಅಲ್ಲಿ ಮಾತ್ರ ರೂಢಿ ಒಳಗೆ ಬರುತ್ತದೆ. ಬರುವಾಗ ಕೇಳುವುದು ಇಷ್ಟು: ಬಹಳ ಕಾಲದಿಂದ ಇದೆಯೇ, ಎಡೆಬಿಡದೆ ಒಂದೇ ರೀತಿ ನಡೆದಿದೆಯೇ, ಇಂಥದೇ ಎಂದು ಖಚಿತವಾಗಿ ಹೇಳಬಹುದೇ, ವಿವೇಕಕ್ಕೂ ಸಾರ್ವಜನಿಕ ನೀತಿಗೂ ವಿರುದ್ಧವಲ್ಲವೇ. ಒಂದೇ ಮನೆತನದ ಪದ್ಧತಿಯಾದರೆ ಅದನ್ನು ಆ ಮನೆಯವರು ಕೈಬಿಟ್ಟಿರಬಾರದು.

ಕೇಸು ಬೀಳುವುದು ಹೆಚ್ಚಾಗಿ ವಾದಪತ್ರದಲ್ಲೇ. "ನಮ್ಮ ಜನಾಂಗದ ಸಂಪ್ರದಾಯದಂತೆ" ಎಂದು ಒಂದು ಸಾಲು ಬರೆದು ಬಿಟ್ಟಿರುತ್ತಾರೆ. ಯಾವ ಜನಾಂಗ, ಯಾವ ತಾಲ್ಲೂಕು, ಯಾರು ಸೇರುತ್ತಾರೆ, ಏನು ಹೇಳುತ್ತಾರೆ, ಏನು ಕೊಡುತ್ತಾರೆ, ಯಾವಾಗ ಮುಗಿಯಿತು ಎನ್ನುತ್ತಾರೆ, ಎಲ್ಲವೂ ಅಲ್ಲಿ ಬರಬೇಕು. ವಾದಪತ್ರದಲ್ಲಿ ಇಲ್ಲದ್ದನ್ನು ಸಾಕ್ಷಿಯ ಬಾಯಿಂದ ಹೇಳಿಸಿ ಉಪಯೋಗವಿಲ್ಲ.

ಎರಡನೆಯದು ಉದಾಹರಣೆಗಳು. ಇಷ್ಟೇ ಬೇಕು ಎಂಬ ಸಂಖ್ಯೆ ಕಾನೂನಿನಲ್ಲಿಲ್ಲ, ಆದರೆ ಒಂದೆರಡರಿಂದ ರೂಢಿ ಆಗುವುದಿಲ್ಲ. ಬೇರೆ ಬೇರೆ ಮನೆಗಳ, ಬೇರೆ ಬೇರೆ ದಶಕಗಳ ಐದಾರು ಪ್ರಸಂಗಗಳನ್ನು ಹೆಸರು, ಊರು, ವರ್ಷದ ಸಮೇತ ಕೊಟ್ಟರೆ ಬಲ ಬರುತ್ತದೆ. ಹಳೆಯ ಲಗ್ನಪತ್ರಿಕೆ, ಫೋಟೊ, ಪಂಚರು ಸಹಿ ಹಾಕಿದ ಕಾಗದ, ಹಿಂದಿನ ದಾವೆಯ ತೀರ್ಪು ಎಲ್ಲವೂ ಕೆಲಸಕ್ಕೆ ಬರುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 11ನೇ ಕಲಂ ಇಂಥ ಪ್ರಸಂಗಗಳಿಗೂ 42ನೇ ಕಲಂ ರೂಢಿ ಬಲ್ಲವರ ಅಭಿಪ್ರಾಯಕ್ಕೂ ಅವಕಾಶ ಕೊಡುತ್ತದೆ. ಜಾತಿ ಸಂಘದ ಲೆಟರ್‌ಹೆಡ್ಡಿನ ಮೇಲೆ ಬರೆಸಿದ ಪತ್ರವೊಂದನ್ನೇ ನಂಬಿ ಹೋಗಬೇಡಿ. ಬರೆದವರು ಕಟಕಟೆಗೆ ಬಂದು ಪಾಟೀಸವಾಲು ಎದುರಿಸದೆ ಅದಕ್ಕೆ ತೂಕವಿಲ್ಲ.

ಸಾಕ್ಷಿ ಹೇಳಬೇಕಾದ ಹಿರಿಯರಿಗೆ ಎಂಬತ್ತು ದಾಟಿದ್ದರೆ ಕಾಯಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26ರಂತೆ ಕಮಿಷನರ್ ನೇಮಿಸಿ, ಮನೆಯಲ್ಲೇ ಹೇಳಿಕೆ ಪಡೆಯುವಂತೆ ಅರ್ಜಿ ಹಾಕಿ. ಸಾಕ್ಷಿಯೊಬ್ಬರು ತೀರಿಕೊಂಡರೆ ಅವರೊಡನೆ ಐವತ್ತು ವರ್ಷದ ನೆನಪು ಹೋಗುತ್ತದೆ.

ಅಕ್ಕನ ಮಗಳನ್ನು ಮದುವೆಯಾದರೆ ಕಾನೂನಿಗೆ ವಿರುದ್ಧವೇ?

ಬರಿಯ ಹಿಂದೂ ವಿವಾಹ ಕಾಯ್ದೆ ಓದಿದರೆ ಹೌದು. ಮಾವ-ಸೊಸೆ, ಅಂದರೆ ಸೋದರಮಾವ ಮತ್ತು ಅಕ್ಕನ ಮಗಳ ಸಂಬಂಧ ನಿಷೇಧಿತ ಸಂಬಂಧಗಳ ಪಟ್ಟಿಯಲ್ಲಿದೆ. ಸೋದರತ್ತೆಯ ಮಗ, ಸೋದರಮಾವನ ಮಗಳೂ ಅದೇ ಪಟ್ಟಿಯಲ್ಲಿದ್ದಾರೆ. ಆದರೆ 5ನೇ ಕಲಮಿನಲ್ಲೇ ವಿನಾಯಿತಿ ಇದೆ: ಇಬ್ಬರಲ್ಲಿ ಪ್ರತಿಯೊಬ್ಬರಿಗೂ ಅನ್ವಯಿಸುವ ರೂಢಿ ಒಪ್ಪಿದರೆ ಮದುವೆ ಸಿಂಧು. "ಪ್ರತಿಯೊಬ್ಬರಿಗೂ" ಎಂಬ ಪದ ಗಮನಿಸಿ. ಹುಡುಗನ ಕಡೆ ರೂಢಿ ಇದ್ದು ಹುಡುಗಿಯ ಕಡೆ ಇಲ್ಲದಿದ್ದರೆ ಸಾಲದು. ರೂಢಿ ರುಜುವಾತಾಗದಿದ್ದರೆ ಮದುವೆ ಅನೂರ್ಜಿತ, ಜೊತೆಗೆ 18ನೇ ಕಲಂ ಪ್ರಕಾರ ಒಂದು ತಿಂಗಳವರೆಗೆ ಸಾದಾ ಸಜೆ ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಂಥ ಮದುವೆಯನ್ನು ನೋಂದಾಯಿಸುವಾಗ ಸಂಬಂಧವನ್ನು ಮುಚ್ಚಿಡುವುದು ತಪ್ಪು ದಾರಿ. ಎರಡೂ ಮನೆಗಳಲ್ಲಿ ಹಿಂದೆ ನಡೆದ ಇಂಥ ಮದುವೆಗಳ ವಿವರ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸಪ್ತಪದಿ ತುಳಿಯದ ಮದುವೆ ಸಿಂಧುವೇ? ಮಂತ್ರಮಾಂಗಲ್ಯ?

ಸಪ್ತಪದಿ ಎಲ್ಲರಿಗೂ ಕಡ್ಡಾಯವಲ್ಲ. ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಕೇಳುವುದು ವರನ ಅಥವಾ ವಧುವಿನ ಕಡೆಯ ರೂಢಿಯ ಶಾಸ್ತ್ರಗಳನ್ನು. ಸಪ್ತಪದಿ ಇರುವ ಪದ್ಧತಿಯಾದರೆ ಮಾತ್ರ ಏಳನೇ ಹೆಜ್ಜೆಗೆ ಮದುವೆ ಪೂರ್ಣ. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿಕಾಳು ಹಾಕಿ ಹರಸುತ್ತಾರೆ. ಅದು ಪೂರ್ತಿ ಸಿಂಧು.

ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಸ್ಥಿತಿ ಬೇರೆ. ಸರಳತೆಯಲ್ಲೂ ಆಶಯದಲ್ಲೂ ಅದು ದೊಡ್ಡದು, ಆದರೆ ಅದು ಯಾವುದೇ ಒಂದು ಜನಾಂಗದ ಹಳೆಯ ರೂಢಿಯಲ್ಲ. ತಮಿಳುನಾಡು 1967ರಲ್ಲಿ 7ಎ ಕಲಂ ಸೇರಿಸಿ ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳಿಗೆ ಮಾನ್ಯತೆ ಕೊಟ್ಟಿತು. ಕರ್ನಾಟಕದಲ್ಲಿ ಅಂಥ ಕಲಂ ಇಲ್ಲ. ಇಲ್ಲಿಯೂ ಬರಲೇಬೇಕಾದ ಕಲಂ ಅದು. ಬರುವವರೆಗೆ, ಮಂತ್ರಮಾಂಗಲ್ಯ ಆದವರು 1954ರ ವಿಶೇಷ ವಿವಾಹ ಕಾಯ್ದೆಯ 15ನೇ ಕಲಂ ಅಡಿ ನೋಂದಾಯಿಸಿಕೊಳ್ಳುವುದು ಭದ್ರ. ಹಿಂದೂ ವಿವಾಹ ಕಾಯ್ದೆಯಡಿ ಸಿಗುವ ಪ್ರಮಾಣಪತ್ರ ಶಾಸ್ತ್ರ ನಡೆದದ್ದಕ್ಕೆ ಸಾಕ್ಷಿ ಅಷ್ಟೇ. ಶಾಸ್ತ್ರವೇ ನಡೆಯದಿದ್ದರೆ ಬರೀ ಪ್ರಮಾಣಪತ್ರ ಮದುವೆಯನ್ನು ಮಾಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ.

ಪಂಚರ ಮುಂದೆ ಬಿಡುಗಡೆಯಾಗಿದೆ, ಸ್ಟಾಂಪ್ ಪೇಪರ್ ಇದೆ. ಇನ್ನೊಂದು ಮದುವೆ ಆಗಬಹುದೇ?

ಆಗುವ ಮೊದಲು ನಿಲ್ಲಿ. ಉತ್ತರ ಕರ್ನಾಟಕದ ಸೋಡಚೀಟಿ (ಬಿಡುಗಡೆಯ ಕಾಗದ), ಉಡಕಿ (ಮರುಮದುವೆ) ಯಂಥ ಪದ್ಧತಿಗಳನ್ನು ಹಿಂದೂ ವಿವಾಹ ಕಾಯ್ದೆ ಅಳಿಸಿಲ್ಲ. 29ನೇ ಕಲಮಿನ 2ನೇ ಉಪಕಲಂ ರೂಢಿಯ ಬಿಡುಗಡೆಯನ್ನು ಉಳಿಸಿದೆ. ಆದರೆ ಅಂಥ ರೂಢಿ ಇದೆ ಎಂದು ನಿರ್ದಿಷ್ಟವಾಗಿ ಹೇಳಿ, ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಸ್ಟಾಂಪ್ ಪೇಪರ್ ಇಬ್ಬರೂ ಒಪ್ಪಿದ್ದನ್ನು ತೋರಿಸುತ್ತದೆ, ರೂಢಿ ಇದೆಯೆಂದು ತೋರಿಸುವುದಿಲ್ಲ. ನೋಟರಿ ಮುದ್ರೆ ಬಿದ್ದ ಮಾತ್ರಕ್ಕೆ ಅದು ಡಿಕ್ರಿಯೂ ಆಗುವುದಿಲ್ಲ. ರೂಢಿ ಸಾಬೀತಾಗದಿದ್ದರೆ ಮೊದಲ ಮದುವೆ ಹಾಗೇ ಉಳಿದಿದೆ ಎಂದೇ ಅರ್ಥ, ಎರಡನೆಯದು ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಅಪರಾಧ: ಏಳು ವರ್ಷದವರೆಗೆ ಸಜೆ. ನೋವು ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ. ಗಂಡ ತೀರಿಕೊಂಡ ಮೇಲೆ ಪಿಂಚಣಿ ಕಚೇರಿಯಲ್ಲಿ ಇಬ್ಬರು ಹೆಂಡಿರ ಅರ್ಜಿ ಬಿದ್ದಾಗಲೇ ಆ ಕಾಗದದ ಬೆಲೆ ಎಷ್ಟೆಂದು ಗೊತ್ತಾಗುವುದು.

ಎರಡು ದಾರಿಗಳಿವೆ. ರೂಢಿಗೆ ಗಟ್ಟಿ ಸಾಕ್ಷ್ಯವಿದ್ದರೆ ಕುಟುಂಬ ನ್ಯಾಯಾಲಯದಲ್ಲಿ ಬಿಡುಗಡೆ ಸಿಂಧು ಎಂಬ ಘೋಷಣೆ ಪಡೆಯಿರಿ. ಸಾಕ್ಷ್ಯ ಸಡಿಲವಿದ್ದು ಇಬ್ಬರಿಗೂ ಮನಸ್ಸಿದ್ದರೆ 13ಬಿ ಕಲಂ ಅಡಿ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿ. ಒಂದು ವರ್ಷ ಬೇರೆ ಇದ್ದಿರಬೇಕು. ಮೊದಲ ಮತ್ತು ಎರಡನೇ ಹಂತದ ನಡುವಿನ ಆರು ತಿಂಗಳನ್ನು ತಕ್ಕ ಕಾರಣವಿದ್ದರೆ ಕೋರ್ಟು ಮನ್ನಾ ಮಾಡಬಹುದು. ನಮ್ಮ ಸಲಹೆ ಹೆಚ್ಚಾಗಿ ಎರಡನೆಯದೇ.

ಅಂಥ ಎರಡನೇ ಮದುವೆಯ ಮಕ್ಕಳ ಗತಿ?

ಮಕ್ಕಳು ಔರಸರೇ, ಅಂದರೆ ಕಾನೂನು ಮಾನ್ಯ ಮಾಡುವ ಮಕ್ಕಳೇ. 16ನೇ ಕಲಂ ಅದನ್ನು ಖಚಿತಪಡಿಸಿದೆ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರಬೇಕಾದ ಪಾಲಿನಲ್ಲೂ ಅವರಿಗೆ ಹಕ್ಕಿದೆ. ಆದರೆ ಚಿಕ್ಕಪ್ಪ, ದೊಡ್ಡಪ್ಪಂದಿರ ಪಾಲನ್ನು ಅವರು ಕೇಳಲಾಗದು.

ಅಳಿಯಸಂತಾನ 1956ರಲ್ಲೇ ಮುಗಿಯಿತಲ್ಲವೇ?

ಇಲ್ಲ. ದಕ್ಷಿಣ ಕನ್ನಡ, ಉಡುಪಿಯಿಂದ ಬರುವ ಪ್ರಶ್ನೆಗಳಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಬಂಟರು, ಬಿಲ್ಲವರು, ಮೊಗವೀರರು, ತುಳುನಾಡಿನ ಜೈನರು ಮೊದಲಾದವರಲ್ಲಿ ಅಳಿಯಕಟ್ಟಿನ (ಅಳಿಯಸಂತಾನದ) ಕುಟುಂಬಗಳಿವೆ. ಅಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಾರೆ, ಯಜಮಾನನೋ ಯಜಮಾನ್ತಿಯೋ ಆಸ್ತಿ ನೋಡಿಕೊಳ್ಳುತ್ತಾರೆ. ಇದಕ್ಕೆ 1949ರ ಮದರಾಸು ಅಳಿಯಸಂತಾನ ಕಾಯ್ದೆ ಇತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಕುಟುಂಬವನ್ನು ಮುರಿಯಲಿಲ್ಲ. ಸದಸ್ಯರೊಬ್ಬರು ತೀರಿಕೊಂಡಾಗ ಅವರ ಅವಿಭಕ್ತ ಹಕ್ಕು ಯಾರಿಗೆ ಎಂಬುದನ್ನಷ್ಟೇ ಬದಲಿಸಿತು.

ಈ ಉತ್ತರಾಧಿಕಾರ ಕಾಯ್ದೆಯ 7ನೇ ಕಲಮಿನ 2ನೇ ಉಪಕಲಂ ಹೇಳುವ ಲೆಕ್ಕ ಹೀಗೆ. ಕುಟುಂಬಕ್ಕೆ 4 ಎಕರೆ, ಅಂದರೆ 400 ಸೆಂಟ್ಸ್ ಜಾಗ. ಬದುಕಿರುವ ಸದಸ್ಯರು ಎಂಟು ಮಂದಿ. ಅವರಲ್ಲಿ ಒಬ್ಬ ಗಂಡಸು ಉಯಿಲು ಬರೆಯದೆ ತೀರಿಕೊಂಡ. ಅವನು ಸಾಯುವ ಕ್ಷಣಕ್ಕೆ ಮುಂಚೆ ತಲೆಯೆಣಿಕೆಯಲ್ಲಿ ಪಾಲಾಗಿತ್ತು ಎಂದು ಭಾವಿಸಬೇಕು: ಎಂಟರಲ್ಲಿ ಒಂದು, 50 ಸೆಂಟ್ಸ್. ಆ 50 ಸೆಂಟ್ಸ್ ಅವನ ತಾಯಿ, ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳಿಗೆ ತಲಾ 12.5 ಸೆಂಟ್ಸ್. ಹೆಂಡತಿ ಮಕ್ಕಳು ಬೇರೆ ಕುಟುಂಬದವರಾದರೂ ಬರುತ್ತದೆ. ಉಳಿದ 350 ಸೆಂಟ್ಸ್ ಏಳು ಮಂದಿಯ ಕುಟುಂಬದ್ದೇ. ಈ ಹಕ್ಕನ್ನು ಉಯಿಲಿನಲ್ಲಿ ಬರೆಯಲೂ 30ನೇ ಕಲಂ ಅವಕಾಶ ಕೊಡುತ್ತದೆ.

ಹೆಂಗಸಿನ ಆಸ್ತಿಗೆ 17ನೇ ಕಲಂ ಬೇರೆಯೇ ಸಾಲು ಹಾಕಿದೆ. ಮಕ್ಕಳಕಟ್ಟಿನವರಲ್ಲಿ, ಅಂದರೆ ತಂದೆಯ ವಂಶ ಹಿಡಿಯುವವರಲ್ಲಿ, ಮೊದಲ ಸಾಲಿನಲ್ಲಿ ಮಕ್ಕಳ ಜೊತೆ ಗಂಡ ಇರುತ್ತಾನೆ. ಅಳಿಯಕಟ್ಟಿನಲ್ಲಿ ಮಕ್ಕಳ ಜೊತೆ ಇರುವುದು ಅವಳ ತಾಯಿ. ಗಂಡನದು ಎರಡನೇ ಸಾಲು, ಅವಳ ತಂದೆಯ ಜೊತೆ. ಇಡೀ ದೇಶಕ್ಕೆ ಒಂದು ಕಾಯ್ದೆ ಬರೆಯುವಾಗಲೂ ತಾಯಿಮೂಲದ ಬದುಕನ್ನು ಗುರುತಿಸಿ ಉಳಿಸಿದ ಸಾಲು ಇದು. ಅದನ್ನೇ ಗಮನಿಸದೆ ಸಾಮಾನ್ಯ 15ನೇ ಕಲಂ ಹಿಡಿದು ಹೋದ ಅರ್ಜಿಗಳು ಇವತ್ತಿಗೂ ಬರುತ್ತಿವೆ.

ಎರಡು ಎಚ್ಚರಿಕೆಗಳು. ಒಂದು, ಮೊದಲೇ ವಿಭಾಗಪತ್ರ ಆಗಿ ನಿಸ್ಸಂತತಿ ಕವರಿಗೆ (ಸಂತತಿ ಮುಂದುವರಿಸುವ ಹೆಣ್ಣಿಲ್ಲದ ಕವಲಿಗೆ) ಜೀವಿತಾವಧಿಯ ಹಕ್ಕಷ್ಟೇ ಸಿಕ್ಕಿದ್ದರೆ ಮೇಲಿನ ಲೆಕ್ಕ ಹಾಗೇ ಅನ್ವಯಿಸುವುದಿಲ್ಲ. ಆ ಪತ್ರದ ಪ್ರತಿ ತೆಗೆಸಿ, ಪದ ಪದ ಓದಿಸಿ. ಎರಡು, ಜಾಗ ಕಾಸರಗೋಡಿನಲ್ಲಿದ್ದರೆ ಕೇರಳದ ಕಾನೂನು ನಡೆಯುತ್ತದೆ. ಅಲ್ಲಿ ಅವಿಭಕ್ತ ಕುಟುಂಬಗಳು 1976ರ ಡಿಸೆಂಬರ್ 1ಕ್ಕೆ ರದ್ದಾಗಿ ಅಂದಿನ ಸದಸ್ಯರೆಲ್ಲ ತಲೆಯೆಣಿಕೆಯ ಪಾಲುದಾರರಾದರು. ತಲಪಾಡಿಯ ಗಡಿ ದಾಟಿದರೆ ಒಂದೇ ಕುಟುಂಬದ ಎರಡು ಜಾಗಕ್ಕೆ ಎರಡು ಲೆಕ್ಕ.

ಪಹಣಿ ಯಜಮಾನರ ಹೆಸರಿನಲ್ಲಿದೆ. ಈಗ ಅವರ ಮಕ್ಕಳು ಪೌತಿ ಖಾತೆಗೆ ಹೊರಟಿದ್ದಾರೆ. ಏನು ಮಾಡುವುದು?

ಪಹಣಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಜಾಗ ಅವರೊಬ್ಬರದೇ ಆಗುವುದಿಲ್ಲ. ಅಳಿಯಕಟ್ಟಿನಲ್ಲಿ ಯಜಮಾನರು ಕುಟುಂಬದ ಪರವಾಗಿ ಹೆಸರು ಹಾಕಿಸಿಕೊಂಡಿರುತ್ತಾರೆ. ಎಡವಟ್ಟು ಆಗುವುದು ವಂಶವೃಕ್ಷದಲ್ಲಿ. ಸಾಮಾನ್ಯ ನಮೂನೆ ಅಪ್ಪನಿಂದ ಮಕ್ಕಳಿಗೆ ಇಳಿಯುತ್ತದೆ. ಅದೇ ಅಭ್ಯಾಸದಲ್ಲಿ ಯಜಮಾನರ ಹೆಂಡತಿ, ಮಕ್ಕಳನ್ನು ಬರೆದು, ಅಕ್ಕತಂಗಿಯರನ್ನೂ ಅವರ ಮಕ್ಕಳನ್ನೂ ಬಿಟ್ಟುಬಿಡುತ್ತಾರೆ. ನಿಮ್ಮ ವಂಶವೃಕ್ಷವನ್ನು ಮೂಲ ಹೆಂಗಸಿನಿಂದ ಕೆಳಗೆ, ಹೆಣ್ಣು ಸಂತತಿಯ ಮೂಲಕ ಬರೆಸಿ, ಯಾರು ಯಾವ ಕವರು ಎಂದು ಗುರುತಿಸಿ. ಮ್ಯುಟೇಷನ್ ನೋಟಿಸ್ ಬಂದ ಕೂಡಲೇ ಕಾಲಾವಕಾಶದೊಳಗೆ ಲಿಖಿತ ತಕರಾರು ಕೊಟ್ಟು, ಸ್ವೀಕೃತಿ ಪಡೆಯಿರಿ. ಹಕ್ಕು ತೀರ್ಮಾನವಾಗುವುದು ಸಿವಿಲ್ ಕೋರ್ಟಿನ ವಿಭಾಗ ದಾವೆಯಲ್ಲೇ, ಕಂದಾಯ ಕಚೇರಿಯಲ್ಲಲ್ಲ.

ಭೂಸುಧಾರಣೆಯಲ್ಲಿ ಫಾರಂ 7 (ಗೇಣಿದಾರರು ಹಕ್ಕು ಕೇಳುವ ಅರ್ಜಿ) ಹಾಕಿ ಬಂದ ಜಾಗವಾದರೆ ಆ ಅರ್ಜಿ, ಟ್ರಿಬ್ಯುನಲ್‌ನಲ್ಲಿ ಕೊಟ್ಟ ಹೇಳಿಕೆ, ಹಳೆಯ ಗೇಣಿ ಚೀಟಿ ಮೂರನ್ನೂ ತೆಗೆಸಿ. ಗೇಣಿ ಕುಟುಂಬದ್ದಾಗಿತ್ತು ಎಂದು ಅವು ಹೇಳಿದರೆ, ಒಬ್ಬರ ಹೆಸರಿಗೆ ಆದ ಡಿಕ್ಲರೇಷನ್ ಕೂಡ ಕುಟುಂಬಕ್ಕೇ ಸಲ್ಲುತ್ತದೆ.

ಪರಿಶಿಷ್ಟ ಪಂಗಡದ ಹೆಣ್ಣುಮಗಳಿಗೆ ಹಿಂದೂ ಕಾಯ್ದೆಯ ಪಾಲು ಸಿಗುವುದೇ?

ನೇರವಾಗಿ ಸಿಗದು. ಹಿಂದೂ ವಿವಾಹ, ಹಿಂದೂ ಉತ್ತರಾಧಿಕಾರ ಎರಡೂ ಕಾಯ್ದೆಗಳ 2ನೇ ಕಲಮಿನ 2ನೇ ಉಪಕಲಂ, ಕೇಂದ್ರ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡಗಳಿಗೆ ಅನ್ವಯವಿಲ್ಲ ಎನ್ನುತ್ತದೆ. ಪದ್ಧತಿಯನ್ನು ಕಾಪಾಡಲು ಬರೆದ ಈ ಮಾತೇ ಎಷ್ಟೋ ಹೆಣ್ಣುಮಕ್ಕಳ ಕೈ ಬರಿದು ಮಾಡಿದೆ. 2025ರ ಜುಲೈ 17ರಂದು ಛತ್ತೀಸಗಡದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರುಜುವಾತಿನ ಹೊರೆಯನ್ನೇ ತಿರುಗಿಸಿತು: ಹೆಣ್ಣಿಗೆ ಪಾಲಿಲ್ಲ ಎಂಬ ರೂಢಿ ಸಾಬೀತಾಗದಿರುವಾಗ ಅವಳನ್ನು ಹೊರಗಿಡುವುದು ಸಮಾನತೆಗೆ ವಿರುದ್ಧ. ಹಾಗಾಗಿ ದಾವೆ ಹಾಕುವವರು ಹಿಂದೂ ಕಾಯ್ದೆಯನ್ನು ನೆಚ್ಚುವ ಬದಲು ಈ ವಾದವನ್ನು ಮುಂದಿಡಬೇಕು.

ಬೇರೆ ಧರ್ಮದವರನ್ನು ಮದುವೆಯಾಗಲು ಮತಾಂತರ ಬೇಕೇ?

ಬೇಡ. ವಿಶೇಷ ವಿವಾಹ ಕಾಯ್ದೆ ಇರುವುದೇ ಅದಕ್ಕೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಲ್ಲೊಬ್ಬರು ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅದು ಫಲಕದಲ್ಲಿ 30 ದಿನ ಇರುತ್ತದೆ. ತಕರಾರು ಇಲ್ಲದಿದ್ದರೆ ಮೂವರು ಸಾಕ್ಷಿಗಳೊಡನೆ ಸಹಿ ಹಾಕಿ ಮದುವೆ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿನಿಂದ. ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಅಲ್ಲಿಗೂ ನೋಟಿಸ್ ಪ್ರತಿ ಹೋಗುತ್ತದೆ. ಮನೆಯವರಿಂದ ಅಪಾಯವಿರುವವರು ಇದನ್ನು ಮೊದಲೇ ತಿಳಿದಿರಬೇಕು. ತಕರಾರಿಗೆ "ಬೇರೆ ಜಾತಿ, ಬೇರೆ ಧರ್ಮ" ಕಾರಣವಾಗುವುದಿಲ್ಲ. ವಯಸ್ಸು, ಬದುಕಿರುವ ಸಂಗಾತಿ, ಒಪ್ಪಿಗೆ ಕೊಡುವಷ್ಟು ಮನಸ್ಸಿನ ಸ್ವಾಸ್ಥ್ಯ, ನಿಷೇಧಿತ ಸಂಬಂಧ ಇವಷ್ಟೇ ಕಾರಣ.

ಕಂಬಳಕ್ಕೆ ಒಪ್ಪಿಗೆ, ಮಡೆಸ್ನಾನಕ್ಕೆ ನಿಷೇಧ. ಎರಡೂ ಸಂಪ್ರದಾಯವಲ್ಲವೇ?

ಎರಡೂ ಹಳೆಯವೇ. ಆದರೆ ಕಾನೂನು ನೋಡುವುದು ವಯಸ್ಸನ್ನಷ್ಟೇ ಅಲ್ಲ. ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳ ವಿರುದ್ಧ 2014ರಲ್ಲಿ ಬಂದ ತೀರ್ಪಿನ ನೆರಳು ಕಂಬಳದ ಮೇಲೂ ಬಿತ್ತು. ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕೋಣಗಳಿಗೆ ಅನಗತ್ಯ ನೋವು ಕೊಡಬಾರದೆಂಬ ಷರತ್ತಿನೊಡನೆ ಕಂಬಳ ಉಳಿಸಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಷರತ್ತು ಮುರಿದರೆ ರಕ್ಷಣೆಯೂ ಹೋಗುತ್ತದೆ. ಮಡೆಸ್ನಾನದಲ್ಲಿ ಒಬ್ಬರು ಉಂಡ ಎಲೆಯ ಮೇಲೆ ಇನ್ನೊಬ್ಬರು ಉರುಳುವುದರಿಂದ ಅದು ಮನುಷ್ಯನ ಘನತೆಯ ಪ್ರಶ್ನೆ. ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ 2017ರ ಕರ್ನಾಟಕ ಕಾಯ್ದೆ ಅದನ್ನು ನಿಷೇಧಿಸಿದೆ. ದೇವದಾಸಿ ಬಿಡುವುದನ್ನು 1982ರ ಕಾಯ್ದೆಯೇ ಅಪರಾಧ ಮಾಡಿತ್ತು. ಹುಡುಗಿಯ ಒಪ್ಪಿಗೆ ಇತ್ತು ಎಂಬುದು ಅಲ್ಲಿ ನೆಪವಾಗದು.

ಕೊಡವರಿಗೆ ಕೋವಿಗೆ ಲೈಸೆನ್ಸ್ ಬೇಡವಂತೆ, ನಿಜವೇ?

ನಿಜ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಆಯುಧ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಈಗಿನ ಅಧಿಸೂಚನೆಯ ಅವಧಿ 2029ರ ಅಕ್ಟೋಬರ್ 31ರವರೆಗೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿದಿದೆ. ವಿನಾಯಿತಿ ಪತ್ರವನ್ನು ಜಿಲ್ಲಾಡಳಿತದಿಂದ ಪಡೆದಿರಬೇಕು.

ತುಳು, ಬ್ಯಾರಿ, ಲಂಬಾಣಿ ಮಾತ್ರ ಬರುವವರು ಕೋರ್ಟಿನಲ್ಲಿ ಹೇಗೆ ಹೇಳುವುದು?

ತಮ್ಮ ಭಾಷೆಯಲ್ಲೇ ಹೇಳಬಹುದು, ಅನುವಾದಕರನ್ನು ಕೇಳಬಹುದು. ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ತೆರೆದ ನ್ಯಾಯಾಲಯದಲ್ಲೇ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಸಹಿ ಹಾಕುವ ಮುನ್ನ ಹೇಳಿಕೆ ಓದಿಸಿ ಕೇಳಿ. "ಕುಟುಂಬ" ಎಂಬ ಪದವನ್ನೇ ನೋಡಿ. ಅಳಿಯಕಟ್ಟಿನ ಸಾಕ್ಷಿ ಅದನ್ನು ತಾಯಿಮನೆಯ ಅರ್ಥದಲ್ಲಿ ಹೇಳಿರುತ್ತಾರೆ, ಕಡತದಲ್ಲಿ ಅದು ಗಂಡ-ಹೆಂಡತಿ-ಮಕ್ಕಳು ಎಂದಾಗಿರುತ್ತದೆ. ಆ ಒಂದು ಪದಕ್ಕೆ ಪಾಲು ಹೋದೀತು. ತಪ್ಪಿದ್ದರೆ ಅಲ್ಲೇ ಹೇಳಿ ತಿದ್ದಿಸಬೇಕು.

ಅಮೆರಿಕದಲ್ಲಿ ವಿಚ್ಛೇದನವಾಗಿದೆ. ಊರಿನಲ್ಲಿ ನಡೆದ ಮದುವೆಗೆ ಅದು ಅನ್ವಯಿಸುತ್ತದೆಯೇ?

ಯಾವ ಆಧಾರದ ಮೇಲೆ, ಯಾರ ಎದುರು ಆಯಿತು ಎಂಬುದರ ಮೇಲೆ ನಿಂತಿದೆ. ಮದುವೆ ಯಾವ ಕಾಯ್ದೆಯಡಿ ನಡೆಯಿತೋ ಆ ಕಾಯ್ದೆಯಲ್ಲಿರುವ ಆಧಾರದ ಮೇಲೆಯೇ ವಿದೇಶಿ ತೀರ್ಪು ಬಂದಿರಬೇಕು ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿನ "ಸಂಬಂಧ ಸರಿಪಡಿಸಲಾಗದಷ್ಟು ಮುರಿದಿದೆ" ಎಂಬ ಕಾರಣ ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲ. ಎದುರು ಕಡೆಯವರು ಹಾಜರಾಗದೆ ಏಕಪಕ್ಷೀಯವಾಗಿ ಬಂದ ಡಿಕ್ರಿಗೆ ಇಲ್ಲಿ ಬೆಲೆ ಸಿಗುವುದು ಕಷ್ಟ. ಇಬ್ಬರೂ ಹಾಜರಾಗಿ ಒಪ್ಪಿದ್ದರೆ ನಡೆಯುತ್ತದೆ. ಆ ಒಪ್ಪಿಗೆ ಕಾಣುವ ದಾಖಲೆಯ ದೃಢೀಕೃತ ಪ್ರತಿಯನ್ನು ಊರಿಗೆ ಬರುವಾಗಲೇ ತನ್ನಿ.